ಯಾಕೆ ಇಷ್ಟು ಬಡವಾಗಿದ್ದೀಯ?

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎಂಬ ಗಾದೆಯ ಅರ್ಥವನ್ನು ಈಗಿನ ಹುಡುಗರನ್ನು ಕೇಳಿ ನೋಡಿ. ಅಪ್ಪ ಅಮ್ಮ ಕೋರ್ಟಿಗೆ ಹೋಗಿ ದುಡ್ಡೆಲ್ಲ ಕಳೆದರು, ಪಾಪ ಮಗುವಿಗೆ ಏನೂ ಉಳಿಯಲಿಲ್ಲ ಎಂದು ಕಥೆ ಕಟ್ಟುವವರೂ ಸಿಗುತ್ತಾರೆ. ಗಾದೆ ಹೇಳುವುದು ಅದನ್ನಲ್ಲ. ದೊಡ್ಡವರು ಕಚ್ಚಾಡುವ ಭರದಲ್ಲಿ ಕೂಸಿಗೆ ಉಣಿಸುವವರೇ ಇಲ್ಲದೆ ಅದು ಸೊರಗಿತು, ಅಷ್ಟೇ. ‘ಅವನು ಬಡವನಾದ’ ಅಂದರೆ ಕಾಸು ಹೋಯಿತು. ‘ಅವನು ಬಡವಾದ’ ಅಂದರೆ ಮೈ ಹೋಯಿತು. ನಡುವೆ ಇರುವುದು ಒಂದು ‘ನ’ಕಾರ.

ಆ ನಕಾರದ ಗೋಡೆ ಎಷ್ಟು ತೆಳುವೆಂದು ಚೆನ್ನಾಗಿ ಗೊತ್ತಿರುವುದು, ಬೆಳಗಿನ ವಾಕಿಂಗ್ ಶುರುಮಾಡಿ, ರಾತ್ರಿಯ ಅನ್ನವನ್ನು ಅರ್ಧಕ್ಕಿಳಿಸಿ, ಕೆಲವು ತಿಂಗಳಲ್ಲಿ ಪ್ಯಾಂಟು ಸಡಿಲವಾದವನಿಗೆ. ಮೊದಲ ಮದುವೆಮನೆಯಲ್ಲೇ ಅವನು ಸಿಕ್ಕಿಬೀಳುತ್ತಾನೆ. ‘ಅಯ್ಯೋ, ಯಾಕೋ ಇಷ್ಟು ಬಡವಾಗ್ಬಿಟ್ಟಿದ್ದೀಯ? ಹುಷಾರಿಲ್ವಾ?’ ಎಂದು ಸೋದರತ್ತೆ ಗಲ್ಲ ಹಿಡಿಯುತ್ತಾಳೆ. ‘ಶುಗರ್ ಚೆಕ್ ಮಾಡಿಸಿದ್ರಾ ಭಾವ?’ ಅನ್ನುತ್ತಾನೆ ಭಾವಮೈದುನ. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಎದುರು ಬಂದು ನಿಂತಿರುತ್ತಾರೆ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆಯೊಂದು ಜಾರಿ ಬೀಳುತ್ತದೆ, ಅದರ ಹಿಂದೆಯೇ ತುಪ್ಪ. ‘ಒಂದಿನಕ್ಕೆ ಏನೂ ಆಗಲ್ಲ ಬಿಡಿ!’ ನಮ್ಮಲ್ಲಿ ಈ ‘ಒಂದಿನ’ ಶ್ರಾವಣದಲ್ಲಿ ಶುರುವಾದರೆ ಕಾರ್ತಿಕದವರೆಗೂ ನಡೆಯುತ್ತದೆ.

ಬಡ ಎನ್ನುವುದು ಹಳೆಯ ಮಾತು. ತೆಳ್ಳಗಿರುವುದು, ಬಲವಿಲ್ಲದಿರುವುದು, ಗತಿಯಿಲ್ಲದಿರುವುದು ಎಲ್ಲವೂ ಅದರೊಳಗೆ ಒಟ್ಟಿಗೇ ಇವೆ. ಹಳಗನ್ನಡದ ಕವಿಗಳು ನಾಯಕಿಯ ಸಪೂರ ಸೊಂಟವನ್ನು ‘ಬಡನಡು’ ಎಂದು ಹೊಗಳಿದರು. ಆ ಒಂದು ನಡುವನ್ನು ಬಿಟ್ಟರೆ ಈ ಪದಕ್ಕೆ ಹೇಳಿಕೊಳ್ಳುವಂಥ ನೆಂಟರಿಲ್ಲ. ಬಡಕಲು ಎತ್ತು, ಬಡಪಾಯಿ, ಬಡಜೀವ. ಜೋರಿಲ್ಲದ ಏಟು ಬಡಪೆಟ್ಟು. ಸುಲಭಕ್ಕೆ ಜಗ್ಗದವನು ‘ಬಡಪೆಟ್ಟಿಗೆ ಬಗ್ಗೋ ಆಸಾಮಿಯಲ್ಲ’. (ಬಡಾಯಿ ಈ ಮನೆತನದ್ದಲ್ಲ. ಅದು ಹಿಂದಿಯ ‘ಬಡಾ’ ಕಡೆಯಿಂದ ಬಂದದ್ದು, ಅದಕ್ಕೇ ಕೊಬ್ಬಿದೆ.) ಗಣ್ಯರೊಬ್ಬರು ತೀರಿಕೊಂಡ ಮಾರನೆಯ ದಿನ ಪತ್ರಿಕೆಗಳಲ್ಲಿ ‘ಅವರ ಅಗಲಿಕೆಯಿಂದ ನಾಡು ಬಡವಾಗಿದೆ’ ಎಂದು ಸಂತಾಪದ ಹೇಳಿಕೆಗಳು ಬರುತ್ತವಲ್ಲ, ಅಲ್ಲಿರುವುದೂ ಇದೇ. ನಾಡು ಬಡವಾಗಬೇಕಾದರೆ ಯಾರೋ ಸತ್ತಿರಬೇಕು. ಮನುಷ್ಯ ಬಡವಾದರೆ ಸಾವಿನ ದಾರಿಯಲ್ಲಿದ್ದಾನೆ ಎಂದು ಅನುಮಾನ.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಅಲ್ಲಿ ಬಡವಾಗುವುದಕ್ಕೂ ಬಡವನಾಗುವುದಕ್ಕೂ ವ್ಯತ್ಯಾಸವೇ ಇರಲಿಲ್ಲ. ಆಮೇಲೆ ಕ್ಷಯ, ಆ ರೋಗದ ಹೆಸರಿನ ಅರ್ಥವೇ ಸವೆಯುವುದು. ಅದು ಅರಮನೆಯನ್ನೂ ಬಿಡಲಿಲ್ಲ. ಮೈಸೂರಿನ ಕ್ಷಯ ರೋಗದ ಆಸ್ಪತ್ರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತಿರುವುದು ಅದಕ್ಕಾಗಿಯೇ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಕ್ಷಯಕ್ಕೆ ಮದ್ದೆಂದರೆ ಮುಖ್ಯವಾಗಿ ವಿಶ್ರಾಂತಿ, ಒಳ್ಳೆಯ ಗಾಳಿ, ಹಾಲು, ಮೊಟ್ಟೆ. ತೂಕ ಏರಿದರೆ ಮನೆಯವರಿಗೆ ಜೀವ ಬಂದಂತೆ, ಇಳಿದರೆ ಎದೆ ಧಸಕ್ಕೆಂದಂತೆ. ನಿಮ್ಮ ಗಲ್ಲ ಹಿಡಿದ ಸೋದರತ್ತೆ ಇದನ್ನೆಲ್ಲ ಓದಿಕೊಂಡು ಬಂದಿಲ್ಲ ನಿಜ. ಅವಳ ಬಾಯಲ್ಲಿರುವ ಪದಕ್ಕೆ ಮಾತ್ರ ಇವೆಲ್ಲ ನೆನಪಿವೆ.

ಬರ ಕಂಡವರು ಹೋಗಿಯೇ ಎಷ್ಟೋ ಕಾಲವಾಯಿತಲ್ಲ, ಪದ ಇನ್ನೂ ಯಾಕೆ ಇಷ್ಟು ಚುರುಕಾಗಿದೆ? ಅದಕ್ಕೆ ಇನ್ನೊಂದು ಉದ್ಯೋಗವೂ ಇದೆ: ಮನೆಮನೆಯ ರಾಜಕಾರಣ. ಮದುವೆಯಾದ ಮಗಳು ತವರಿಗೆ ಬಂದಾಗ ‘ಎಷ್ಟು ಬಡವಾಗಿದ್ದೀಯೇ’ ಎಂದು ತಾಯಿ ಹೇಳಿದರೆ ಅದು ಮಗಳ ಮೈಯ ಸುದ್ದಿಯಲ್ಲ, ಬೀಗರ ಮೇಲಿನ ದೂರು. ಮಗ ಹಾಸ್ಟೆಲಿನಿಂದ ಬಂದಾಗ ಹೇಳಿದರೆ ದೂರು ಹಾಸ್ಟೆಲಿನ ಮೇಲೆ. ಮದುವೆಯಾದ ಗಂಡಸಿಗೆ ವರ್ಷದೊಳಗೆ ಹೊಟ್ಟೆ ಬಂದರೆ ‘ಚೆನ್ನಾಗಿ ಮೈಕೈ ತುಂಬ್ಕೊಂಡಿದ್ದಾನೆ’ ಎನ್ನುತ್ತಾರೆ. ಹೊಟ್ಟೆ ಅವನದು, ಹೊಗಳಿಕೆ ಹೆಂಡತಿಗೆ. ಆತ ಜಿಮ್ಮಿಗೆ ಸೇರಿ ಆ ಹೊಟ್ಟೆಯನ್ನು ಕರಗಿಸಿದಾಗ ಹೋಗುವುದು ಬರೀ ಬೊಜ್ಜಲ್ಲ, ಅವಳಿಗೆ ಸಿಕ್ಕಿದ್ದ ಸರ್ಟಿಫಿಕೇಟು. ‘ಏನಮ್ಮ, ಊಟ ಹಾಕ್ತಿಲ್ವಾ?’ ಎಂದು ಊರವರು ಕೇಳುವುದು ಅವನನ್ನಲ್ಲ, ಅವಳನ್ನು. ಅವನಿಗೆ ತಿಳಿಯದಂತೆ ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ ಬಿದ್ದರೆ ಆಶ್ಚರ್ಯವೇನು?

ಸೊಸೆಯ ಪಾಡು ಇನ್ನೂ ಕಷ್ಟದ್ದು. ರಾತ್ರಿ ಅವಳು ಒಂದು ಬಟ್ಟಲು ಮೊಳಕೆಕಾಳು ಹಿಡಿದು ಕೂತರೆ ಅತ್ತೆಗೆ ಕಾಣುವುದು ಕಾಳಲ್ಲ. ‘ನಿಮ್ಮಮ್ಮ ಬಂದಾಗ ಏನಂತಾರೆ? ನಾವು ಹೊಟ್ಟೆಗೆ ಹಾಕ್ತಿಲ್ಲ ಅನ್ಕೊಳ್ಳಲ್ವಾ?’ ಸೊಸೆ ಪ್ರೋಟೀನಿನ ಲೆಕ್ಕ ಒಪ್ಪಿಸುತ್ತಾಳೆ, ಅತ್ತೆ ಕೇಳುತ್ತಿರುವುದು ಮಾನದ ಲೆಕ್ಕ. ಎಷ್ಟು ಹೊತ್ತು ಮಾತಾಡಿದರೂ ಎರಡೂ ತಾಳೆಯಾಗುವುದಿಲ್ಲ. ನಾನು ಕಂಡಂತೆ ಇಲ್ಲಿ ಕೆಲಸಕ್ಕೆ ಬರುವುದು ವಾದವಲ್ಲ, ಒಂದು ಫೋನು. ‘ಅವಳೇ ಬೇಕೂಂತ ಮಾಡ್ತಿರೋದು ಬೀಗಿತ್ತಿ, ನೀವು ಬೇಜಾರು ಮಾಡ್ಕೋಬೇಡಿ’ ಎಂದು ಹುಡುಗಿಯ ತಾಯಿಯೇ ಹೇಳಿಬಿಟ್ಟರೆ ಅತ್ತೆಯ ಅರ್ಧ ವಿರೋಧ ಅಲ್ಲೇ ಇಳಿಯುತ್ತದೆ.

ಬಹಳ ಜನ ಹಿಡಿಯುವ ದಾರಿ ಬೇರೆ. ‘ಡಾಕ್ಟರು ಹೇಳಿದ್ದಾರೆ’ ಅಂದುಬಿಡುತ್ತಾರೆ. ಡಾಕ್ಟರು ನಿಜಕ್ಕೂ ಹೇಳಿದ್ದರೆ ಸರಿ. ಬರೀ ಹೋಳಿಗೆ ತಪ್ಪಿಸಿಕೊಳ್ಳಲು ಹೇಳಿದ ಮಾತಾದರೆ ಅದರ ಬಡ್ಡಿ ಜಾಸ್ತಿ. ಹೋಳಿಗೆ ಹಿಂದೆ ಸರಿಯುತ್ತದೆ, ಆದರೆ ಅಂದಿನಿಂದ ನೀವು ರೋಗಿ. ಬಡವಾಗಿದ್ದಾನೆ, ಏನೋ ಕಾಯಿಲೆ ಇದೆ ಎಂದ ಸೋದರತ್ತೆಯ ಅನುಮಾನಕ್ಕೆ ನೀವೇ ಸಹಿ ಹಾಕಿಕೊಟ್ಟಂತಾಯಿತು.

ಈ ತೊಡಕಿನಲ್ಲಿ ವ್ಯಾಕರಣದ ಪಾಲೂ ಇದೆ. ತೆಳ್ಳಗಾಗುವುದಕ್ಕೆ ಕನ್ನಡದಲ್ಲಿರುವ ಕ್ರಿಯಾಪದಗಳನ್ನು ಸಾಲಾಗಿ ನಿಲ್ಲಿಸಿ: ಬಡವಾಗು, ಸೊರಗು, ಇಳಿ, ಕರಗು, ಒಣಗು, ಸಣ್ಣಗಾಗು. ಒಂದರಲ್ಲಾದರೂ ಮಾಡುವವನಿದ್ದಾನೆಯೇ? ಎಲ್ಲವೂ ತಾವಾಗಿ ಮೈಮೇಲೆ ಬಂದು ಬೀಳುವಂಥವು. ‘ತೂಕ ಇಳಿಸು’, ‘ಬೊಜ್ಜು ಕರಗಿಸು’ ಎಂಬ ಮಾತುಗಳು ಹಬ್ಬಿದ್ದು ವಾರಪತ್ರಿಕೆಯ ಆರೋಗ್ಯ ಪುಟಗಳಿಂದ, ಜಿಮ್ಮಿನ ಬೋರ್ಡುಗಳಿಂದ. ಅಡುಗೆಮನೆಗೆ ಅವು ಇನ್ನೂ ಪೂರ್ತಿ ಕಾಲಿಟ್ಟಿಲ್ಲ. ಬೇಕೆಂದೇ ದೇಹವನ್ನು ಕೃಶಗೊಳಿಸುವುದಕ್ಕೆ ನಮ್ಮಲ್ಲಿದ್ದ ಗೌರವದ ಪದ ಸಲ್ಲೇಖನ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಅದನ್ನು ಕೈಗೊಂಡವರ ಶಾಸನಗಳಿವೆ. ಅದು ಬೇರೆಯೇ ಎತ್ತರದ ಮಾತು. ಎರಡು ಇಡ್ಲಿಗೆ ಸಾಕು ಎಂದವನಿಗೆ ಅದು ಹೊಂದುವುದಿಲ್ಲ. ಹಾಗಾಗಿ ಆರೋಗ್ಯವಾಗಿದ್ದುಕೊಂಡೇ ತೆಳ್ಳಗಾದವನನ್ನು ಕಂಡರೆ ನಮ್ಮ ಹಿರಿಯರಿಗೆ ಕೈಗೆ ಸಿಗುವ ಪದವೇ ಇಲ್ಲ. ಇರುವುದನ್ನೇ ಎತ್ತಿ ಹಾಕುತ್ತಾರೆ.

ಪದ ಅಳೆಯುವುದು ಕಣ್ಣಿನಿಂದ, ಅದು ಇನ್ನೊಂದು ಪೇಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿಸಿದರು. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ನೋಡಿದರೆ ಇಬ್ಬರೂ ತೆಳ್ಳಗೇ. ಒಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ನಮ್ಮ ಯಾಜ್ಞಿಕ್ ಅವರದು ಶೇ 21.2. ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಹೆಚ್ಚು, 25ಕ್ಕೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿನೊಳಗಿರಲಿ ಎಂದು ಇಲ್ಲಿನ ವೈದ್ಯರು ಹೇಳುವುದು ಇಂಥ ಕಾರಣಕ್ಕೆ. ನಮ್ಮ ಕಣ್ಣಿಗೆ ‘ಮೈಕೈ ತುಂಬಿಕೊಂಡವನು’ ಟೇಪಿನ ಪ್ರಕಾರ ಗೆರೆ ದಾಟಿ ಎಷ್ಟೋ ಕಾಲವಾಗಿರುತ್ತದೆ. ‘ಬಡಕಲು’ ಎನಿಸಿಕೊಂಡವನೂ ಒಳಗೊಳಗೇ ದಪ್ಪಗಿರಬಹುದು.

ಹಾಗೆಂದು ಆ ಭಾವಮೈದುನನನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀವು ಏನೂ ಮಾಡದೆ, ಊಟ ಬಿಡದೆ, ತೂಕ ತಾನಾಗಿ ಇಳಿಯುತ್ತಿದ್ದರೆ ಅವನ ಪ್ರಶ್ನೆ ಸರಿಯಾದದ್ದೇ. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ತೊಂದರೆ ಹಲವು ಸಲ ಮುಖ ತೋರಿಸುವುದು ಹೀಗೆಯೇ. ಅಂಥ ಹೊತ್ತಿನಲ್ಲಿ ‘ಬಡವಾಗಿದ್ದೀಯ’ ಅಂದವರಿಗೆ ಒಂದು ನಮಸ್ಕಾರ ಹಾಕಿ ರಕ್ತಪರೀಕ್ಷೆಗೆ ಹೋಗುವುದು ಲೇಸು.

ಇದೇ ಪದವನ್ನು ಚುಚ್ಚಲು ಬಳಸುವವರೂ ಇದ್ದಾರೆ, ಅವರ ವಿಷಯ ಬೇಗ ಮುಗಿಸಬಹುದು. ಆಫೀಸಿನಲ್ಲಿ ಸಂಜೆ ನಾಲ್ಕಕ್ಕೆ ಬಜ್ಜಿಯ ಪೊಟ್ಟಣ ಬಿಚ್ಚಿ, ‘ಇವರಿಗೆ ಬೇಡಪ್ಪ, ಬಡವಾಗ್ತಿದ್ದಾರೆ’ ಎಂದು ನಾಲ್ಕು ಜನರ ಮುಂದೆ ನಗಿಸುವವರು. ಡಂಬೆಲ್ ಎತ್ತಿದ ಮೊದಲ ವಾರವೇ ‘ಕಡ್ಡಿ ಪೈಲ್ವಾನ್’ ಎಂದು ನಾಮಕರಣ ಮಾಡುವವರು. ಮೈಸೂರಿನ ಗರಡಿಮನೆಗಳಲ್ಲಿ ಮೈ ಹುರಿಗೊಳಿಸುವವನ ಹಿಂದೆ ಉಸ್ತಾದರಿರುತ್ತಿದ್ದರು, ಜೊತೆಗಾರರಿರುತ್ತಿದ್ದರು, ಅವನ ಹಾಲು ಬಾದಾಮಿಯ ಚಿಂತೆ ಬೇರೆಯವರಿಗೂ ಇರುತ್ತಿತ್ತು. ಪಾರ್ಕಿನಲ್ಲಿ ಒಬ್ಬನೇ ಬಿರುಸಾಗಿ ನಡೆಯುವವನಿಗೆ ಅಂಥ ಬೆನ್ನಾಸರೆ ಇಲ್ಲ. ಅದಕ್ಕೇ ಸಣ್ಣ ಲೇವಡಿಯೂ ದೊಡ್ಡದಾಗಿ ನಾಟುತ್ತದೆ. ಜೊತೆಗೆ ನಡೆಯುವ ಒಬ್ಬರನ್ನು ಹುಡುಕಿಕೊಂಡರೆ ಈ ಜನ ತಾವಾಗಿಯೇ ಸಣ್ಣವರಾಗುತ್ತಾರೆ. ಇವರಿಗೆ ಬಿಎಂಐ ವಿವರಿಸುವುದು ದಂಡ.

ಹಿರಿಯರಿಗೆ ಮಾತ್ರ ಉತ್ತರ ಕೊಡಲೇಬೇಕು, ಅವರ ಭಾಷೆಯಲ್ಲೇ ಕೊಡಬೇಕು. ‘ಫಿಟ್’, ‘ಸ್ಲಿಮ್’ ಅವರ ಕಿವಿಗೆ ಹೋಗುವುದಿಲ್ಲ. ಕನ್ನಡದಲ್ಲಿ ಬಡವಿಗೆ ಎದುರು ನಿಲ್ಲಬಲ್ಲ ಪದ ದಪ್ಪವಲ್ಲ, ಗಟ್ಟಿ. ಗಟ್ಟಿಮುಟ್ಟು, ಗಟ್ಟಿಗಿತ್ತಿ, ಗಟ್ಟಿ ಆಳು: ಇವುಗಳಲ್ಲಿ ಯಾವುದಕ್ಕೂ ಹೊಟ್ಟೆ ಬೇಕಿಲ್ಲ. ನಮ್ಮ ಬಳಗದ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಎಂದಿನ ರಾಗ ತೆಗೆದರು. ಇವನು ಕ್ಯಾಲೊರಿಯ ಪುರಾಣ ತೆಗೆಯದೆ, ‘ಬಡವಾಗಿಲ್ಲ ಅಜ್ಜಿ, ಗಟ್ಟಿಯಾಗಿದ್ದೀನಿ’ ಅಂದ. ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ತೋಳು ಒತ್ತಿ ನೋಡಿದರು. ‘ಹಂಗಾದ್ರೆ ಬಾ, ಅಟ್ಟದ ಮೇಲೆ ರಾಗಿ ಮೂಟೆ ಐತೆ. ನಿಮ್ಮಪ್ಪನ ಕೈಲಿ ಆಗ್ತಿಲ್ಲ, ಇಳಿಸ್ಕೊಡು’ ಅಂದರು.