ನೆದರಿಗೆ ವಿಭೂತಿ

ಬಾದಾಮಿ ಕಡೆ ಕೂಸು ರಚ್ಚೆ ಹಿಡಿದರೆ ಅಜ್ಜಿಯರು ಹೇಳೋದು ಒಂದೇ: ‘ನೆದರ ಆಗೇತಿ’. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಾರೆ. ಘಾಟು ಬರಲಿಲ್ಲವೋ, ನೆದರು ಖಾತ್ರಿ! ಆಮೇಲೆ ಹಣೆಗೆ ವಿಭೂತಿ.

ನೆದರು ಅನ್ನೋದು ಅರಬ್ಬಿಯ ‘ನಜರ್’. ವಿಭೂತಿ ಮಾತ್ರ ಪಕ್ಕದ ಶಿವಯೋಗ ಮಂದಿರದ್ದು. ಮಠಗಳಿಗೆ ಸ್ವಾಮಿಗಳನ್ನು ತಯಾರು ಮಾಡಲೆಂದು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಸಂಸ್ಥೆ ಅದು. ಆಕಳ ಸಗಣಿ ಸುಟ್ಟು, ಬೂದಿಯನ್ನು ನೀರಲ್ಲಿ ಸೋಸಿ, ಗಟ್ಟಿ ಮಾಡಿ ಒಣಗಿಸಿದ ಅಲ್ಲಿನ ವಿಭೂತಿಗೆ ದೊಡ್ಡ ಹೆಸರು. ಅದು ಅಷ್ಟಾವರಣಗಳಲ್ಲಿ ಒಂದು, ಲಿಂಗಪೂಜೆಗೆ ಬೇಕಾದದ್ದು, ತಾಯತ ಅಲ್ಲ. ಆದರೆ ಜ್ವರ ಬಂದ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಈ ಭೇದ ಹೇಳೋರು ಯಾರು? ಊರಲ್ಲಿ ಡಾಕ್ಟರೇ ಇಲ್ಲದ ಕಾಲದಲ್ಲಿ ನಡುರಾತ್ರಿ ಕೈಗೆ ಸಿಗ್ತಿದ್ದದ್ದು ಜಗಲಿ ಮೇಲಿನ ಆ ಗಟ್ಟಿಯೇ.