ಕತ್ತಲೆಯ ಮೂಲ ಹುಡುಕುತ್ತ: ಹಾಲಿವುಡ್‌ನ ಫಿಲ್ಮ್ ನ್ವಾರ್

ಫಿಲ್ಮ್ ನ್ವಾರ್ ಚರ್ಚೆಗೆ ಬಂದಾಗಲೆಲ್ಲ ಒಂದು ವಂಶಾವಳಿ ತಪ್ಪದೆ ಬರುತ್ತದೆ. ಗಾಢ ನೆರಳುಗಳ ಶೈಲಿಯಾದ ಜರ್ಮನ್ ಅಭಿವ್ಯಕ್ತಿವಾದ ಬರ್ಲಿನ್‌ನ ಸ್ಟುಡಿಯೋಗಳಲ್ಲಿ ಬೆಳೆಯಿತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್‌ಮಾಕ್ ಅದನ್ನು ಹಾಲಿವುಡ್‌ಗೆ ತಂದರು. 1940ರ ದಶಕದ ಅಪರಾಧ ಚಿತ್ರಗಳಿಗೆ ಕತ್ತಲು ಕವಿಯಿತು. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ, ಆ ಕತ್ತಲೆಯಲ್ಲಿ ಸೆನ್ಸಾರ್ ಕಚೇರಿಗೂ ನಿರ್ಮಾಪಕರ ಖರ್ಚಿನ ಲೆಕ್ಕಕ್ಕೂ ಇದ್ದ ಪಾಲು ಕಣ್ಣಿಗೆ ಬೀಳುವುದಿಲ್ಲ.

ವೈಲ್ಡರ್ ನಿರ್ದೇಶನದ ‘ಡಬಲ್ ಇಂಡೆಮ್ನಿಟಿ’ (1944) ನೋಡಬಹುದು. ವಿಮಾ ಏಜೆಂಟನೊಬ್ಬ ಗಿರಾಕಿಯ ಹೆಂಡತಿಯೊಡನೆ ಕೂಡಿ, ವಿಮೆ ಹಣಕ್ಕಾಗಿ ಗಿರಾಕಿಯನ್ನೇ ಮುಗಿಸುವ ಈ ಕಥೆ ಜೇಮ್ಸ್ ಎಂ. ಕೇನ್ ಅವರದು. ಚಿತ್ರೋದ್ಯಮದ ನೀತಿಸಂಹಿತೆಯ ಉಸ್ತುವಾರಿ ಹೊತ್ತಿದ್ದ ಜೋಸೆಫ್ ಬ್ರೀನ್ 1935ರಲ್ಲೇ ಇದು ತೆರೆಗೆ ಸಲ್ಲದು ಎಂದಿದ್ದರು. ಎಂಟು ವರ್ಷಗಳ ನಂತರ ವೈಲ್ಡರ್ ಮತ್ತು ರೇಮಂಡ್ ಚಾಂಡ್ಲರ್ ಚಿತ್ರಕಥೆಗೆ ಕೂತಾಗಲೂ ಕೊಲೆಯನ್ನು ವಿವರವಾಗಿ ತೋರಿಸಕೂಡದೆಂಬ ನಿಯಮ ಹಾಗೇ ಇತ್ತು. ತೆರೆಯ ಮೇಲೆ ಆಗುವುದೇನು? ಕಾರಿನ ಹಿಂಬದಿಯಲ್ಲಿ ಅಡಗಿದ್ದ ಏಜೆಂಟ್ ಗಂಡನ ಮೇಲೆ ಎರಗುತ್ತಾನೆ. ಕ್ಯಾಮೆರಾ ಅತ್ತ ತಿರುಗುವುದೇ ಇಲ್ಲ. ಸ್ಟಿಯರಿಂಗ್ ಹಿಡಿದ ಬಾರ್ಬರಾ ಸ್ಟಾನ್ವಿಕ್ ಮುಖವಷ್ಟೇ ಕಾಣುತ್ತದೆ, ನೋಟ ನೇರ ರಸ್ತೆಯ ಮೇಲೆ. ಪಕ್ಕದ ಸೀಟಿನ ಒದ್ದಾಟ ಕಿವಿಗೆ ಮಾತ್ರ. ಹೆಣ ತೋರಿಸಿದ್ದರೂ ಇಷ್ಟು ಮೈ ನಡುಗುತ್ತಿರಲಿಲ್ಲ. ಬ್ರೀನ್ ಕಚೇರಿಗೆ ಇದು ಹೊಳೆಯಲಿಲ್ಲವೇನೋ!



ಇನ್ನು ಹಣದ ಮಾತು. ಯುದ್ಧದ ನಡುವೆ, 1942ರಲ್ಲಿ, ಅಮೆರಿಕ ಸರಕಾರ ಒಂದು ಚಿತ್ರದ ಸೆಟ್‌ಗೆ ಬಳಸುವ ಹೊಸ ಸಾಮಗ್ರಿಗೆ 5,000 ಡಾಲರ್ ಮಿತಿ ಹೇರಿತು. ಕತ್ತಲಿಟ್ಟ ಮೂಲೆಗೆ ಗೋಡೆ ಕಟ್ಟಬೇಕಿಲ್ಲವಲ್ಲ. ಮಿತಿಯಿರಲಿ ಬಿಡಲಿ, ಪಿಆರ್‌ಸಿಯಂಥ ಬಡ ಸಂಸ್ಥೆಗಳಿಗೆ ಕೈ ಯಾವತ್ತೂ ಬಿಗಿಯೇ. ಅಲ್ಲಿ ಎಡ್ಗರ್ ಉಲ್ಮರ್ ಮಾಡಿದ ‘ಡೀಟೂರ್’ (1945) ಚಿತ್ರದಲ್ಲಿ ನಾಯಕ ನಾಯಕಿ ನ್ಯೂಯಾರ್ಕಿನ ಬೀದಿಯಲ್ಲಿ ನಡೆಯುತ್ತಾರೆ. ಬೀದಿಯನ್ನು ಮಂಜು ನುಂಗಿದೆ, ಕಟ್ಟಡಗಳು ಕಾಣುವುದೇ ಅಪರೂಪ. ಉಲ್ಮರ್ ಜರ್ಮನ್ ನಿರ್ದೇಶಕ ಮುರ್ನೌ ಜೊತೆ ದುಡಿದವರು. ಹಾಗಾದರೆ ಈ ಮಂಜು ಬರ್ಲಿನ್‌ನದೋ, ಬಜೆಟ್ಟಿನದೋ? ಎರಡೂ ಹೌದು, ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳಲು ಬಾರದು.

ಇವೆಲ್ಲ ಒಂದೇ ಬಳಗದ ಚಿತ್ರಗಳೆಂದು ಗುರುತಿಸಿದ್ದು ಪ್ಯಾರಿಸ್. ಜರ್ಮನ್ನರ ಆಳ್ವಿಕೆಯಲ್ಲಿ ಬಾರದೆ ಉಳಿದಿದ್ದ ಅಮೆರಿಕನ್ ಚಿತ್ರಗಳು 1946ರ ಬೇಸಿಗೆಯಲ್ಲಿ ಒಂದರ ಬೆನ್ನಿಗೊಂದು ತೆರೆಕಂಡವು. ಬಿಡಿಬಿಡಿಯಾಗಿ ನೋಡಿದವರಿಗೆ ಕಾಣದ ಹೋಲಿಕೆ ಹೀಗೆ ನೋಡಿದ ವಿಮರ್ಶಕ ನೀನೋ ಫ್ರಾಂಕ್ ಅವರಿಗೆ ಕಂಡಿತು. ಹಾಲಿವುಡ್ ಮಾತ್ರ ಇವನ್ನು ಮೆಲೋಡ್ರಾಮಾ ಎಂದೇ ಮಾರುತ್ತಿತ್ತು.

ಹಾಗಾಗಿ ಯಾವುದು ನ್ವಾರ್, ಯಾವುದಲ್ಲ ಎಂಬ ತಕರಾರು ಇಂದಿಗೂ ಬಗೆಹರಿದಿಲ್ಲ. ‘ಲೀವ್ ಹರ್ ಟು ಹೆವನ್’ (1945) ಟೆಕ್ನಿಕಲರ್‌ನಲ್ಲಿ ತೆಗೆದದ್ದು. ಲಿಯಾನ್ ಶಾಮ್ರಾಯ್‌ಗೆ ಛಾಯಾಗ್ರಹಣದ ಆಸ್ಕರ್ ತಂದುಕೊಟ್ಟದ್ದು. ಅದರ ನಾಯಕಿ ಹಾಡಹಗಲೇ ದೋಣಿಯಲ್ಲಿ ಕುಳಿತು, ಮೈದುನ ಸರೋವರದಲ್ಲಿ ಮುಳುಗುವುದನ್ನು ನೋಡುತ್ತಾಳೆ. ನೆರಳನ್ನೇ ಲಕ್ಷಣವೆಂದುಕೊಂಡವರು ಈ ಚಿತ್ರವನ್ನು ಹೊರಗಿಡುತ್ತಾರೆ. ಆದರೆ ಫಾಕ್ಸ್ ಸಂಸ್ಥೆಗೆ ಬಣ್ಣಕ್ಕೆ ಸುರಿಯಲು ಹಣವಿತ್ತು. ಅದೇ ಕ್ರೌರ್ಯ ಅಲ್ಲಿ ಬಿಸಿಲಲ್ಲೇ ನಡೆಯಿತು. ಕತ್ತಲೆಗೆ ಸಂದರ್ಭವೂ ಕಾರಣವೆಂದು ಒಪ್ಪುವ ಅಧ್ಯಯನ ಇದನ್ನು ಒಳಗಿಟ್ಟುಕೊಂಡೇ ಮುಂದುವರಿಯಬೇಕಾಗುತ್ತದೆ.