ಹುಳುವಿನ ಬಾಯಿ, ಗೂಡಿನ ಗೋಡೆ: ಬ್ರೂನೆಲ್ ಪೇಟೆಂಟಿನ ಮರು ಓದು

ಲಂಡನ್ನಿನ ಭೂಗತ ರೈಲಿನ ಚರಿತ್ರೆ ಬರೆಯುವವರಿಗೆ ಚಾಥಮ್ ಹಡಗುಕಟ್ಟೆಯ ಹುಳು ಬೇಕೇ ಬೇಕು. ಮರ ಕೊರೆಯುವ ಟೆರೆಡೊವನ್ನು ಎಂಜಿನಿಯರ್ ಮಾರ್ಕ್ ಬ್ರೂನೆಲ್ ಕಂಡ, ಅಗೆಯುವವರನ್ನು ಕಾಯುತ್ತ ಮುಂದೆ ಸರಿಯುವ ‘ಶೀಲ್ಡ್’ ಹೊಳೆಯಿತು, ಇಂದಿನ ಸುರಂಗಯಂತ್ರ ಅದರದೇ ಸಂತಾನ ಎನ್ನುವುದು ವಾಡಿಕೆಯ ಕಥೆ. ಇದನ್ನು ಹಬ್ಬಿಸಿದ್ದು ಬ್ರೂನೆಲ್‌ನ ಸಹಾಯಕ ರಿಚರ್ಡ್ ಬೀಮಿಷ್ 1862ರಲ್ಲಿ ಬರೆದ ಜೀವನಚರಿತ್ರೆ. ಬ್ರೂನೆಲ್ ಕಟ್ಟಿದ ಥೇಮ್ಸ್ ಸುರಂಗಕ್ಕೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವನ ಮಾತನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ನನ್ನ ತಕರಾರು ಅವನನ್ನು ಓದಿ ಅಲ್ಲಿಗೇ ನಿಂತವರ ಮೇಲೆ. ಶೀಲ್ಡಿಗೆ ಬ್ರೂನೆಲ್ ಪಡೆದ 1818ರ ಪೇಟೆಂಟನ್ನು ಅವರು ಹೆಸರಿಸುತ್ತಾರೆ, ಬಿಚ್ಚಿ ಓದುವುದಿಲ್ಲ.

ಅದರಲ್ಲಿರುವುದು ಒಂದಲ್ಲ, ಎರಡು ಬಗೆಯ ಶೀಲ್ಡ್. ಒಂದು ದುಂಡನೆಯದು. ಸುರಂಗದ ಒಡಲನ್ನು ಇಟ್ಟಿಗೆಯಿಂದ ಕಟ್ಟಬಹುದು, ಆದರೆ ಬೀಡುಕಬ್ಬಿಣವೇ ಮೇಲು ಎಂದೂ ಬ್ರೂನೆಲ್ ಅಲ್ಲಿ ಹೇಳಿದ್ದಾನೆ. 1825ರಲ್ಲಿ ಥೇಮ್ಸ್ ಸುರಂಗದ ಕೆಲಸ ಹಿಡಿದಾಗ ಮಾಡಿದ್ದೇ ಬೇರೆ: ಹನ್ನೆರಡು ಚೌಕಟ್ಟು, ಮೂವತ್ತಾರು ಗೂಡುಗಳ ಆಯತಾಕಾರದ ಶೀಲ್ಡ್, ಅದರ ಬೆನ್ನಿಗೇ ಇಟ್ಟಿಗೆ ಗೋಡೆ. ದುಂಡು ಶೀಲ್ಡಿಗೂ ಕಬ್ಬಿಣದ ಬಳೆಗಳಿಗೂ ಅವನ ನಂತರದ ಎಂಜಿನಿಯರ್ ಪೀಟರ್ ಬಾರ್ಲೋನನ್ನೇ ಮೂಲಪುರುಷ ಮಾಡುವವರು ಈ ಹಾಳೆಯ ಮುಂದೆ ಸೋಲುತ್ತಾರೆ.

ಹಾಗೆಂದು ಬ್ರೂನೆಲ್ ಭಕ್ತರು ಗೆದ್ದರೆ? ಇಲ್ಲ, ಶೀಲ್ಡೂ ಬಳೆಯೂ ಇದ್ದರಷ್ಟೇ ಸಾಲದು. ಶೀಲ್ಡಿನ ತಗಡಿನ ಒಳಗೇ ಕಬ್ಬಿಣದ ಬಳೆ ಜೋಡಿಸಬೇಕು. ಜಾಕುಗಳು ಆ ಬಳೆಯನ್ನೇ ಒದ್ದು ಶೀಲ್ಡನ್ನು ಮುಂದೆ ದೂಡಿದ ಮೇಲೆ ಬಳೆಗೂ ಮಣ್ಣಿಗೂ ನಡುವೆ ತಗಡಿನ ದಪ್ಪದಷ್ಟು ಸಂದು ಉಳಿಯುತ್ತದೆ. ಹಾಗೇ ಬಿಟ್ಟರೆ ಮಣ್ಣು ಕುಸಿದು ಅದನ್ನು ತುಂಬುತ್ತದೆ. ಮೇಲಿನ ಬೀದಿ ತಗ್ಗುತ್ತದೆ, ಮನೆಗೋಡೆ ಬಿರಿಯುತ್ತದೆ. ಆ ಸಂದಿಗೆ ಗಾರೆ ತುಂಬುವ ಮಾತು ಬಾರ್ಲೋನ 1864ರ ಪೇಟೆಂಟಿನಲ್ಲಿದೆ. ಒತ್ತಿದ ಗಾಳಿಯಿಂದ ಗಾರೆ ತೂರಿಸಿ ಅದನ್ನು ದಿನನಿತ್ಯದ ಕೆಲಸವಾಗಿಸಿದವನು ಎಂಜಿನಿಯರ್ ಜೇಮ್ಸ್ ಗ್ರೇಟ್‌ಹೆಡ್. 1890ರಲ್ಲಿ ಸ್ಟಾಕ್‌ವೆಲ್‌ನಿಂದ ಕಿಂಗ್ ವಿಲಿಯಂ ಬೀದಿಗೆ ವಿದ್ಯುತ್ ರೈಲು ಓಡಿದ್ದು ಇಂಥ ಕೊಳವೆಗಳಲ್ಲಿ. (1863ರ ಮೆಟ್ರೊಪಾಲಿಟನ್ ರೈಲನ್ನು ಈ ವಂಶಾವಳಿಗೆ ಸೇರಿಸುವುದು ಶುದ್ಧ ಅಜಾಗರೂಕತೆ. ಅಲ್ಲಿ ಬಹುಪಾಲು ಬೀದಿ ಅಗೆದು, ಕಮಾನು ಕಟ್ಟಿ, ಮಣ್ಣು ಮುಚ್ಚಿದರು, ಶೀಲ್ಡ್ ಇರಲಿಲ್ಲ.)

ತಮಾಷೆಯೆಂದರೆ ಕಥೆ ಹೇಳುವವರು ಹುಳುವನ್ನೂ ಪೂರ್ತಿ ನೋಡಿದಂತಿಲ್ಲ. ಟೆರೆಡೊ ಹುಳುವೇ ಅಲ್ಲ, ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ. ಅದು ಚಿಪ್ಪಿನ ಅಂಚಿನಿಂದ ಮರ ಕೆರೆಯುತ್ತ, ಹಿಂದೆ ಉಳಿದ ಬಿಲದ ಗೋಡೆಗೆ ಸುಣ್ಣ ಬಳಿಯುತ್ತದೆ. ಬಾಯಿಯ ಪಾಠವನ್ನಷ್ಟೇ ಹೊಗಳಿದವರಿಗೆ ಗಾರೆಯಂಥ ಬಾಲದ ಕಡೆಯ ಸುಣ್ಣ ಕಾಣಲಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ಸುರಂಗಯಂತ್ರ ‘ಊರ್ಜಾ’ 2021ರಲ್ಲಿ ಶಿವಾಜಿನಗರದ ಬಂಡೆ ಸೀಳಿ ಹೊರಬಂದಾಗಲೂ ಚಿತ್ರಗಳಲ್ಲಿ ಮೆರೆದದ್ದು ಕೊರೆಯುವ ಮುಖವೇ.

ಬ್ರೂನೆಲ್‌ನ ಸುರಂಗ 1843ರಲ್ಲಿ ತೆರೆದದ್ದು ನಡೆದು ಹೋಗುವವರಿಗೆ. ಅದರಲ್ಲಿ ಮೊದಲ ರೈಲು ಓಡಿದ್ದು 1869ರಲ್ಲಿ. ಗ್ರೇಟ್‌ಹೆಡ್ ತನ್ನ ದುಂಡು ಶೀಲ್ಡಿನಿಂದ ಟವರ್ ಸಬ್‌ವೇ ಎಂಬ ಸುರಂಗ ಕೊರೆದದ್ದೂ ಅದೇ ವರ್ಷ, ಅದೇ ಥೇಮ್ಸ್ ಕೆಳಗೆ.